ರಸ್ತೆಗಿರಲಿ

ನಮ್ಮೂರಿನಿಂದ ನನ್ನ ತವರಿಗೆ ಎಷ್ಟು ದೂರ ಎಂದು ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ, "ಯಾರ ಜೊತೆ ಹೋಗ್ತಿದೀರಿ?" ಹೊಸದಾಗಿ ಮದುವೆಯಾದವರಿಗೆ ಹನ್ನೆರಡು ಕಿಲೋಮೀಟರು. ಹತ್ತು ವರ್ಷದ ಮೇಲೆ ಸಿಕ್ಕ ಗೆಳತಿಯರಿಗೆ ಎಂಟು. ಪಾಪ, ಅರ್ಧ ಕಥೆ ಬಾಯಲ್ಲೇ ಇರುವಾಗ ಊರು ಬಂದುಬಿಟ್ಟಿತೆಂದು ಬೇಜಾರು ಮಾಡಿಕೊಳ್ಳುತ್ತಾರೆ. ಬಾಯಿ ಬಿಡದೆ ಹೋದರೆ ಮಾತ್ರ ನೂರ ನಲವತ್ತು. ಒಬ್ಬರು ಹೇಳಬೇಕು, ಜೊತೆಯಲ್ಲಿದ್ದವರು ಅದನ್ನು ಮೊದಲ ಸಲ ಕೇಳಬೇಕು. ಆಗ ಮುಂದಿನ ಮೈಲಿಗಲ್ಲಿನ ಮೇಲೆ ಅಂಕಿ ಇಳಿದಿರುತ್ತದೆ. ಹೇಳಿದ್ದನ್ನೇ ಹೇಳಿದರೆ ಇಳಿಯುವುದಿಲ್ಲ. ರೇಡಿಯೋ ಹಾಕಿ ನೋಡಿದವರೂ ಇದ್ದಾರೆ, ಅದಕ್ಕೂ ಆ ರಸ್ತೆ ಜಗ್ಗಲಿಲ್ಲ.

ಅದಕ್ಕೇ ನಮ್ಮೂರಿನಲ್ಲಿ ಮನೆಯೊಳಗೆ ಯಾರೂ ಸುದ್ದಿಯನ್ನು ಸುಮ್ಮನೆ ಖರ್ಚು ಮಾಡುವುದಿಲ್ಲ. ಗಂಡ ಅಂಗಡಿಯಿಂದ ಬಂದು, "ಇವತ್ತೇನಾಯ್ತು ಗೊತ್ತಾ?" ಅಂದರೆ ಹೆಂಡತಿ ತಟ್ಟನೆ ಕೈ ಅಡ್ಡ ಹಿಡಿಯುತ್ತಾಳೆ, "ಈಗ ಬೇಡ, ರಸ್ತೆಗಿರಲಿ." ಹೆಂಗಸರು ಒಂದೊಂದು ಸುದ್ದಿಗೆ ಒಂದೊಂದು ಗಂಟಿನಂತೆ ನೂಲಿನಲ್ಲಿ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತೇವೆ. ಹೇಳಿದ ಹಾಗೆ ಒಂದೊಂದೇ ಬಿಚ್ಚಬೇಕು. ಹೊಸ ಸೊಸೆಗೆ ಅತ್ತೆ ಮೊದಲು ಕಲಿಸುವುದು ಸಾರು ಮಾಡುವುದನ್ನಲ್ಲ, ಈ ಗಂಟು ಹಾಕುವುದನ್ನು.

ಇನ್ನು ವಿಮಾನ. ಹನ್ನೊಂದು ಸೀಟಿನದು, ಊರ ಹೊರಗಿನ ಮೈದಾನದಿಂದ ಬೆಳಗ್ಗೆ ಒಂಬತ್ತಕ್ಕೆ ಏಳುತ್ತದೆ. ಮಾತಾಡಿ, ಬಿಡಿ, ಇಪ್ಪತ್ತೇ ನಿಮಿಷ. ಅದರಲ್ಲಿ ಹೋಗುವವರು ಯಾರು ಅಂದರೆ ಮುನಿಸಿಕೊಂಡ ಅಣ್ಣತಮ್ಮಂದಿರು, ತಪಾಸಣೆಗೆ ಬಂದ ಅಧಿಕಾರಿಗಳು, ಮತ್ತೆ ಮಾತು ಮುಗಿದ ಗಂಡಹೆಂಡಿರು. ಮದುವೆಯಾಗಿ ಹದಿನೈದು ವರ್ಷಕ್ಕೋ ಇಪ್ಪತ್ತಕ್ಕೋ ಒಂದು ದಿನ ಇಬ್ಬರೂ ತಲೆ ತಗ್ಗಿಸಿಕೊಂಡು ಆ ಮೈದಾನದ ಗೇಟು ಹೊಗುತ್ತಾರೆ. ಸಂಜೆಯೊಳಗೆ ಊರೆಲ್ಲ ಡಂಗುರ, "ಅವರು ವಿಮಾನ ಹತ್ತಿದರಂತೆ." ಅದರರ್ಥ ಹೇಳಬೇಕಾಗಿಲ್ಲ. ನಮ್ಮ ಪಕ್ಕದ ಮನೆಯ ಜಲಜಾಕ್ಷಮ್ಮ ಹದಿನೆಂಟನೇ ವರ್ಷಕ್ಕೇ ಹತ್ತಿದವರು. ಅಂದಿನಿಂದ ಬೇರೆಯವರು ಹತ್ತುವುದನ್ನೇ ಕಾಯುತ್ತಾ ಕೂತಿದ್ದಾರೆ.

ನನಗೆ ಮದುವೆಯಾಗಿ ಇಪ್ಪತ್ನಾಲ್ಕು ವರ್ಷ. ನಾವು ಒಂದು ಸಲವೂ ಹತ್ತಿರಲಿಲ್ಲ. ನಮ್ಮ ಮನೆಯವರು ಗಡಿಯಾರ ರಿಪೇರಿ ಮಾಡುತ್ತಾರೆ. ಮಾತು ಕಡಿಮೆ; ಗಡಿಯಾರದ ಚಿಕ್ಕ ಮುಳ್ಳಿನ ಹಾಗೆ, ಅಲ್ಲಾಡಿದ್ದು ಗೊತ್ತೇ ಆಗುವುದಿಲ್ಲ. ಆದರೆ ನನ್ನ ಬಾಯಿ ಇಬ್ಬರಿಗೂ ಸಾಕಾಗುವಷ್ಟಿದೆ. ನಾನು ಹೇಳುವುದು, ಇವರು "ಹೂಂ" ಅನ್ನುವುದು, ನಡುವೆ ಒಂದು ಸಣ್ಣ ನಗೆ. ಹಾಗೇ ಮೂವತ್ತು, ಮೂವತ್ತೈದು ಕಿಲೋಮೀಟರಿಗೆಲ್ಲ ತವರು ಮುಟ್ಟುತ್ತಿದ್ದೆವು. ಹೋದ ದೀಪಾವಳಿಯಾದ ಮೇಲೆ ಯಾಕೋ ರಸ್ತೆ ಬೆಳೆಯತೊಡಗಿತು. ಐವತ್ತಾಯಿತು, ಎಪ್ಪತ್ತಾಯಿತು. ನಾನು ಯಾರಿಗೂ ಹೇಳಲಿಲ್ಲ. ರಸ್ತೆ ರಿಪೇರಿ ನಡೀತಿತ್ತು ಅಂತ ಸುಳ್ಳು ಹೇಳಿ ಮಾನ ಉಳಿಸಿಕೊಂಡೆ.

ಆಗಲೇ ತಮ್ಮ ಮೃತ್ಯುಂಜಯನ ಫೋನು ಬಂದದ್ದು. ಹನ್ನೊಂದು ವರ್ಷ ಹರಕೆ ಹೊತ್ತು ಹೆಣ್ಣುಮಗು ಹುಟ್ಟಿತ್ತು. ನಾಮಕರಣ, ಹನ್ನೊಂದು ನಲವತ್ತರೊಳಗೆ ಮುಹೂರ್ತ. ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ಅಂದರೆ ನಾನು. ತೊಟ್ಟಿಲು ತರಬೇಕಾದವಳೂ ಸೋದರತ್ತೆಯೇ. ನಮ್ಮ ಅಜ್ಜಿಯ ಕಾಲದ ಹಲಸಿನ ಮರದ ತೊಟ್ಟಿಲು ನನ್ನ ಮಗಳ ನಾಮಕರಣಕ್ಕೆ ಬಂದದ್ದು ನನ್ನ ಅಟ್ಟದ ಮೇಲೇ ಇತ್ತು. ಮೂವತ್ತೊಂದು ಕೆಜಿ ತೂಕ. ಒಂದು ಮೊಳೆಯನ್ನೂ ಹೊಡೆಯದೆ ಜೋಡಿಸಿದ ಕೆಲಸ, ಬಿಚ್ಚಲಿಕ್ಕೆ ಬರುವುದಿಲ್ಲ. ವಿಮಾನದಲ್ಲಿ ಒಬ್ಬರಿಗೆ ಹನ್ನೆರಡು ಕೆಜಿ. ಬಸ್ಸಿನ ಮೇಲೆ ಹಾಕೋಣವೆಂದರೆ ಅಮ್ಮನ ಕಾಲದಲ್ಲಿ ಹಾಗೆ ಹಾಕಿಯೇ ಅದರ ಒಂದು ಕಾಲು ಮುರಿದಿತ್ತು.

"ಅಕ್ಕಾ, ನೀವಿಬ್ರೂ ವಿಮಾನದಲ್ಲಿ ಬಂದ್ಬಿಡಿ. ತೊಟ್ಟಿಲು ಇಲ್ಲೇ ಬಾಡಿಗೆಗೆ ಸಿಗುತ್ತೆ, ಲೈಟೆಲ್ಲ ಹಾಕಿರ್ತಾರೆ" ಅಂದ ತಮ್ಮ.

"ನೀನು ಉಚ್ಚೆ ಹುಯ್ದು ಬೆಳೆದ ತೊಟ್ಟಿಲು ಕಣೋ ಅದು! ಲೈಟು ಹಾಕ್ತಾನಂತೆ ಲೈಟು" ಎಂದು ಬೈದು ಫೋನಿಟ್ಟೆ.

ಬೈದದ್ದೇನೋ ಆಯಿತು. ಆದರೆ ಮೂರು ವಾರ ನಿದ್ದೆ ಇಲ್ಲ. ಕಾರಿನಲ್ಲಿ ಹೋದರೆ ತೊಟ್ಟಿಲು ಬರುತ್ತದೆ, ಆದರೆ ನಾವು ಹೊತ್ತಿಗೆ ಸರಿಯಾಗಿ ಮುಟ್ಟುತ್ತೇವೆಂಬ ಭರವಸೆಯಿಲ್ಲ. ಮೇಲೆ ತೊಟ್ಟಿಲು ಕಟ್ಟಿದರೆ ನಮ್ಮ ಹಳೇ ಕಾರು ಗಂಟೆಗೆ ಮೂವತ್ತರ ಮೇಲೆ ಓಡದು. ವಿಮಾನದಲ್ಲಿ ಹೋದರೆ ಹೊತ್ತಿಗೆ ಮುಟ್ಟುತ್ತೇವೆ; ತೊಟ್ಟಿಲೂ ಹೋಯಿತು, ಇಪ್ಪತ್ನಾಲ್ಕು ವರ್ಷದ ಮಾನವೂ ಹೋಯಿತು.

ಜಲಜಾಕ್ಷಮ್ಮ ಕಾಂಪೌಂಡಿನ ಮೇಲಿಂದ ಕತ್ತು ಹಾಕಿದರು. ಅವರಿಗೂ ನಾಮಕರಣಕ್ಕೆ ಕರೆ ಇತ್ತು. "ನೀಲಾ, ನಮ್ಮ ಜೊತೆ ಬಂದ್ಬಿಡ್ರೇ. ಎರಡು ಸೀಟು ಖಾಲಿ ಇದೆಯಂತೆ. ಇದರಲ್ಲಿ ನಾಚಿಕೆ ಪಡೋದೇನಿದೆ? ಎಲ್ಲರ ಮನೆ ದೋಸೇನೂ ತೂತೇ."

"ನಮ್ಮನೆ ದೋಸೆ ಇನ್ನೂ ತೂತಾಗಿಲ್ಲ ಬಿಡಿ ಜಲಜಾಕ್ಷಮ್ಮ" ಅಂದೆ. ಮಾತಿನಲ್ಲಿ ನಾನು ಸೋತವಳಲ್ಲ. ಆದರೆ ಒಳಗೆ ಹೋಗಿ ನೀರು ಕುಡಿದೆ.

ರಾತ್ರಿ ಊಟಕ್ಕೆ ಕೂತಾಗ ಕೇಳಿದೆ, "ಏನ್ರೀ ಮಾಡೋಣ? ಕಾರೋ, ವಿಮಾನವೋ?" ಇವರು ತಟ್ಟೆಯಿಂದ ತಲೆ ಎತ್ತಿ ನನ್ನ ಮುಖವನ್ನೇ ನೋಡಿ, "ನಿನ್ನಿಷ್ಟ" ಅಂದರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಸರಿ, ನನ್ನಿಷ್ಟ ತಾನೇ? ಕಾರೇ ಎಂದು ತೀರ್ಮಾನ ಮಾಡಿದೆ. ಅಂದಿನಿಂದ ಮನೆಯಲ್ಲಿ ಒಂದು ಹೊಸ ಮಾತೂ ಆಡಲಿಲ್ಲ. ಊರೆಲ್ಲ ಅಲೆದು ಸುದ್ದಿ ಕೂಡಿಹಾಕಿದೆ. ಹಿಟ್ಟಿನ ಗಿರಣಿಯ ಕರಿಯಪ್ಪ ತಲೆಗೆ ಬಣ್ಣ ಹಾಕಿಸಿಕೊಂಡು ಬಂದಾಗ ಅವನ ನಾಯಿಯೇ ಅವನನ್ನು ಒಳಗೆ ಬಿಡದೆ ಬೊಗಳಿದ್ದು. ನಾನು ಕೊಟ್ಟ ಚಕ್ಕುಲಿ ಡಬ್ಬಿ ಮೂರು ಮನೆ ತಿರುಗಿ ನನಗೇ ಅರಿಶಿನ ಕುಂಕುಮದ ಜೊತೆ ವಾಪಸ್ ಬಂದದ್ದು. ಜಲಜಾಕ್ಷಮ್ಮನ ಸೊಸೆ ಕದ್ದು ಕಾರು ಕಲಿಯಲು ಹೋಗಿ ಗೇಟಿಗೆ ಗುದ್ದಿ, ತಗ್ಗಾದ ಜಾಗಕ್ಕೆ ಹೂವಿನ ಕುಂಡ ಇಟ್ಟು ಮುಚ್ಚಿದ್ದು. ಹೀಗೆ ಹದಿನಾಲ್ಕು ಗಂಟು. ಎಲ್ಲಕ್ಕಿಂತ ದಪ್ಪ ಗಂಟು ಕೊನೆಯದು. ಐವತ್ತೆರಡು ವರ್ಷದ ಹೆಡ್‌ಮೇಡಂ ಸುಶೀಲಾದೇವಿ ಡ್ರಾಯಿಂಗ್ ಮೇಷ್ಟ್ರನ್ನು ಮದುವೆಯಾಗುತ್ತಾರಂತೆ! ಅದನ್ನು ಮೂರು ವಾರ ಹೊಟ್ಟೆಯಲ್ಲಿಟ್ಟುಕೊಂಡದ್ದು ಬಸುರಿಗಿಂತ ಕಷ್ಟ.

ನಾಮಕರಣದ ದಿನ ಬೆಳಗ್ಗೆ ಎಂಟಕ್ಕೆ ಹೊರಟೆವು. ಕಾರಿನ ಮೇಲೆ ಹಳೇ ಕಂಬಳಿ ಹಾಸಿ ತೊಟ್ಟಿಲು ಕಟ್ಟಿದ್ದರು. ಮೈದಾನದ ಗೇಟಿನ ಹತ್ತಿರ ಬಂದಾಗ ಇವರು ಗಾಡಿ ನಿಲ್ಲಿಸಿದರು. ಒಳಗೆ ವಿಮಾನ ನಿಂತಿತ್ತು. ಜಲಜಾಕ್ಷಮ್ಮ ರೇಷ್ಮೆಸೀರೆ ಉಟ್ಟು, ಗಂಡನಿಗೆ ನಾಲ್ಕು ಮಾರು ದೂರದಲ್ಲಿ ಪೆಟ್ಟಿಗೆ ಮೇಲೆ ಕೂತಿದ್ದರು.

"ನೀನು ಹಾರಿ ಹೋಗು ನೀಲಾ. ನಾನು ನಿಧಾನಕ್ಕೆ ತೊಟ್ಟಿಲು ತರ್ತೀನಿ. ಹೆಸರು ಹೇಳೋಕಾದ್ರೂ ನೀನಿರ್ತೀಯ" ಅಂದರು.

ಲೆಕ್ಕ ಹಾಕಿದರೆ ಅದು ಬುದ್ಧಿವಂತಿಕೆಯ ಮಾತೇ. ಆದರೆ ನನ್ನ ಎದೆಗೆ ಚೂರಿ ಹಾಕಿದ ಹಾಗಾಯಿತು. ಎಂಟು ತಿಂಗಳಿಂದ ರಸ್ತೆ ಬೆಳೆದದ್ದು ಇದಕ್ಕೇ ಅಂದುಕೊಂಡೆ. ನನ್ನ ಮಾತು ಇವರಿಗೆ ಸಾಕಾಗಿದೆ. ನಾನು ಪಕ್ಕದಲ್ಲಿ ಕೂತು ವಟಗುಟ್ಟುವುದಕ್ಕಿಂತ ಒಬ್ಬರೇ ನೂರ ನಲವತ್ತು ಕಿಲೋಮೀಟರು ಓಡಿಸುವುದೇ ವಾಸಿ ಅನ್ನಿಸಿದೆ.

"ಗಾಡಿ ತೆಗೀರಿ" ಅಂದೆ. ಕೈಯನ್ನೂ ಮುಂದಕ್ಕೆ ತೋರಿಸಿದೆ. ಗಾಡಿ ತೆಗೆದರು.

ಮೊದಲ ಕಲ್ಲು ದಾಟುತ್ತಲೇ ಕರಿಯಪ್ಪನ ನಾಯಿಯ ಗಂಟು ಬಿಚ್ಚಿದೆ. ನಾಯಿಯ ಹಾಗೆ ಬೊಗಳಿಯೂ ತೋರಿಸಿದೆ. ಇವರು ರಸ್ತೆ ನೋಡುತ್ತಾ "ಹೂಂ" ಅಂದರು. ಮುಂದಿನ ಕಲ್ಲು ನೋಡಿದೆ. ಒಂದು ಕಿಲೋಮೀಟರು ಓಡಿದ್ದಕ್ಕೆ ಒಂದೇ ಕಿಲೋಮೀಟರು ಇಳಿದಿತ್ತು. ಹೋಗಲಿ, ಸಣ್ಣ ಸುದ್ದಿ ಎಂದು ಚಕ್ಕುಲಿ ಡಬ್ಬಿ ಬಿಚ್ಚಿದೆ. "ಹೂಂ." ಕಲ್ಲು ಅಲ್ಲಾಡಲಿಲ್ಲ. ಸೊಸೆ, ಗೇಟು, ಹೂಕುಂಡ. "ಹೂಂ." ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಒಂದಾದ ಮೇಲೊಂದು ಒಂಬತ್ತು ಗಂಟು ಬಿಚ್ಚಿದೆ. ಒಂದಕ್ಕೂ ರಸ್ತೆ ಕರಗಲಿಲ್ಲ. ನಡುವೆ ತಲೆಯ ಮೇಲೆ ಗುಯ್ ಎಂದು ವಿಮಾನ ಹಾದುಹೋಯಿತು. ಜಲಜಾಕ್ಷಮ್ಮ ಕಿಟಕಿಯಿಂದ ನಮ್ಮ ತೊಟ್ಟಿಲು ನೋಡಿ ನಕ್ಕಿರುತ್ತಾರೆ ಅನ್ನಿಸಿ ಮೈಯೆಲ್ಲ ಉರಿಯಿತು.

ಹಾಗಾದರೆ ಇವರಿಗೆ ಎಲ್ಲ ಮೊದಲೇ ಗೊತ್ತು. ಅಂಗಡಿಯಲ್ಲಿ ಕೇಳಿಸಿಕೊಂಡಿದ್ದಾರೆ, ನನಗೆ ಹೇಳಿಲ್ಲ. ಹೊಸದೆಂಬಂತೆ ಹೂಂಗುಟ್ಟಿದ್ದಾರೆ. "ಎಲ್ಲಾ ಮೊದಲೇ ಗೊತ್ತಿತ್ತೇನ್ರೀ ನಿಮಗೆ?" ಎಂದು ಕೇಳಿದೆ. ಅದಕ್ಕೂ "ಹೂಂ" ಅಂದರು! ಉಳಿದ ಐದು ಗಂಟಿಗೆ ನಾನು ಕೈ ಹಾಕಲೇ ಇಲ್ಲ. ಕಿಟಕಿ ಕಡೆ ತಿರುಗಿ ಕಣ್ಣೊರೆಸಿಕೊಂಡೆ.

ಒಂಬತ್ತೂ ಮುಕ್ಕಾಲಿಗೆ ಇಂಜಿನ್ ಕಾದು ಹೊಗೆ ಬಂತು. ರಸ್ತೆ ಪಕ್ಕದಲ್ಲಿ ಚೆನ್ನಾಜಮ್ಮ ಎಂಬುವಳ ಟೀ ಅಂಗಡಿ. ಮುಂದೆಯೇ ಒಂದು ಕಿಲೋಮೀಟರು ಕಲ್ಲು, ಅದರ ಮೇಲೆ ಎಂಬತ್ತೆಂಟು. ಅಷ್ಟು ದೂರಕ್ಕೆ ಇನ್ನೂ ಮೂರು ಗಂಟೆ ಬೇಕು. ಮುಹೂರ್ತ ಮೀರಿತು. ಹನ್ನೊಂದು ವರ್ಷ ಕಾದ ಮಗುವಿಗೆ ಬಾಡಿಗೆ ತೊಟ್ಟಿಲಿನಲ್ಲಿ ಯಾರೋ ಹೆಸರು ಹೇಳುತ್ತಾರೆ. ಇವರು ಇಂಜಿನ್ನಿಗೆ ನೀರು ಹುಯ್ದು ಬಂದು ಟೀ ಲೋಟ ಹಿಡಿದು ಬೆಂಚಿನ ಮೇಲೆ ಕೂತರು. ನಾನು ಪಕ್ಕದಲ್ಲಿ, ಕಾರಿನಲ್ಲಿ ಕೂತ ಕಡೆಯಲ್ಲೇ, ಇವರ ಎಡಕ್ಕೆ ಕೂತೆ. ಕಲ್ಲಿನ ಕಡೆಗೇ ನೋಡುತ್ತಾ ಹೊಟ್ಟೆಯಲ್ಲಿದ್ದದ್ದನ್ನು ಆಡಿಬಿಟ್ಟೆ.

"ನೋಡಿ, ನನಗೂ ಸಾಕಾಯ್ತು. ನಾನು ತವರಲ್ಲೇ ಉಳಿದುಬಿಡ್ತೀನಿ. ನೀವೊಬ್ಬರೇ ವಾಪಸ್ ಹೋಗಿ, ಆರಾಮಾಗಿರಿ."

"ಹೂಂ" ಅಂದು ಟೀ ಗುಟುಕರಿಸಿದರು.

ನನ್ನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಬಲಗಡೆ ಬನ್ನಿನ ತಟ್ಟೆ ಹಿಡಿದು ನಿಂತಿದ್ದ ಚೆನ್ನಾಜಮ್ಮನಿಗೆ ತಡೆಯಲಾಗಲಿಲ್ಲ. "ಅಯ್ಯೋ ನಿನ್ನ! ಏನಣ್ಣ ನೀನು, ಹೆಂಡ್ತಿ ಬಿಟ್ಟೋಗ್ತೀನಿ ಅಂತಾವ್ಳೆ, ಹೂಂ ಅಂತೀಯಲ್ಲ!"

ಇವರು ದಡಬಡಿಸಿ ಎದ್ದರು. ಟೀ ಎಲ್ಲ ಪಂಚೆಯ ಮೇಲೆ. "ಯಾರು? ಏನಂದ್ಲು? ನೀಲಾ, ಏನಂದೆ ನೀನು?"

"ಅಷ್ಟು ಹತ್ತಿರ ಕೂತು ಹೇಳಿದ್ದು ಕೇಳಿಸ್ಲಿಲ್ವಾ?"

ಇವರು ಲೋಟ ಕೆಳಗಿಟ್ಟರು. ನನ್ನ ಮುಖ ನೋಡಿದರು, ಕಲ್ಲು ನೋಡಿದರು, ಆಮೇಲೆ ಮೆಲ್ಲಗೆ ಎಡಗಿವಿ ಮುಟ್ಟಿಕೊಂಡರು. "ಈ ಕಿವಿ ಹೋಗಿದೆ ಕಣೇ. ದೀಪಾವಳಿಯಿಂದ. ಇದರಲ್ಲಿ ಏನೂ ಕೇಳಿಸಲ್ಲ."

ದೇವರೇ! ಕಾರು ಓಡಿಸುವಾಗ ನಾನು ಕೂರುವುದು ಇವರ ಎಡಕ್ಕೆ. ಎಂಟು ತಿಂಗಳಿಂದ ಗಡಿಯಾರವನ್ನು ಬಲಗಿವಿಗೇ ಹಿಡಿದು ಟಿಕ್‌ಟಿಕ್ ಕೇಳುತ್ತಿದ್ದುದನ್ನು ನನ್ನ ಕಣ್ಣಾರೆ ಕಂಡಿದ್ದೆ. ಏನೋ ಹೊಸ ಅಭ್ಯಾಸ ಅಂದುಕೊಂಡಿದ್ದೆ. ಊರಿನವರ ತಲೆಯ ಬಣ್ಣದವರೆಗೆ ಎಲ್ಲ ಗಂಟು ಹಾಕಿಕೊಂಡವಳಿಗೆ ಮನೆಯ ಗಂಡಸಿನ ಕಿವಿ ಗೊತ್ತಾಗಲಿಲ್ಲ.

"ಮತ್ತೆ ಹೂಂ ಹೂಂ ಅಂತಿದ್ರಲ್ಲ?"

"ಮನೇಲಿ ನಿನ್ನ ಮುಖ ನೋಡಿ ಅಂತಿದ್ದೆ. ಗಾಡಿ ಓಡಿಸೋವಾಗ ಮುಖ ನೋಡೋಕಾಗಲ್ಲ. ನೀನು ಮಾತು ನಿಲ್ಲಿಸಿದ ಕೂಡಲೆ ಒಂದು ಹೂಂ ಹಾಕ್ತಿದ್ದೆ, ಅಷ್ಟೇ."

"ಯಾಕ್ರೀ ಹೇಳ್ಲಿಲ್ಲ ನನಗೆ?"

ಇವರು ಪಂಚೆಯ ಮೇಲಿನ ಟೀ ಒರೆಸಿಕೊಳ್ಳುತ್ತಾ ನಿಂತರು. "ಹೇಳಿದ್ರೆ ನೀನು ಮಾತು ಬಿಡ್ತೀಯ. ಕಿವುಡನ ಹತ್ತಿರ ಏನು ಮಾತು ಅಂತೀಯ. ಆಮೇಲೆ ವಿಮಾನ ಹತ್ತಿಸ್ತೀಯ. ನನಗೆ ಆ ವಿಮಾನ ಬೇಡ ನೀಲಾ. ನೀನು ಆ ಕಡೆ ಕೂತು ಕೈ ಆಡಿಸ್ತಾ ಏನೋ ಹೇಳ್ತಿದ್ರೆ, ಕೇಳಿಸದಿದ್ರೂ ನನಗೆ ರಸ್ತೆ ಸಣ್ಣದೇ."

ಇಪ್ಪತ್ನಾಲ್ಕು ವರ್ಷದಲ್ಲಿ ಇವರು ಒಂದೇ ಉಸಿರಿಗೆ ಇಷ್ಟು ಮಾತು ಆಡಿದ್ದು ಅದೇ ಮೊದಲು. ನನಗೆ ಅಳುವೂ ಬಂತು, ಬಾರಿಸಿಬಿಡುವಷ್ಟು ಸಿಟ್ಟೂ ಬಂತು. "ಅಕ್ಕಾ, ಅತ್ತಿದ್ದು ಸಾಕು, ಕಲ್ಲು ನೋಡು" ಎಂದು ಚೆನ್ನಾಜಮ್ಮ ಕೂಗಿದಳು. ನೋಡಿದೆ. ಎಂಬತ್ತೆಂಟು ಇದ್ದದ್ದು ಐವತ್ತೊಂದಾಗಿತ್ತು.

ಆಮೇಲೆ ನಾನು ಮುಂದಿನ ಸೀಟಿನಲ್ಲಿ ಕೂರಲಿಲ್ಲ. ಹಿಂದೆ, ಇವರ ಬೆನ್ನ ಹಿಂದೆಯೇ ಬಲಕ್ಕೆ ಕೂತು, ಸೀಟಿಗೂ ಕಿಟಕಿಗೂ ನಡುವಿನ ಸಂದಿಯಲ್ಲಿ ಮುಖ ತೂರಿಸಿ, ಬಲಗಿವಿಗೆ ಬಾಯಿಟ್ಟು ಶುರು ಮಾಡಿದೆ. "ಕೇಳಿಸ್ತಾ?" "ಕೇಳಿಸ್ತು, ಕಿರುಚಬೇಡ." ಕರಿಯಪ್ಪನ ನಾಯಿ ಮತ್ತೆ ಬೊಗಳಿತು. ಇವರು ಗಹಗಹಿಸಿ ನಕ್ಕು ಗಾಡಿಯನ್ನು ಚರಂಡಿಯ ಅಂಚಿಗೆ ಒಯ್ದರು. ಮುಂದಿನ ಕಲ್ಲು ನಲವತ್ನಾಲ್ಕು. ಚಕ್ಕುಲಿ ಡಬ್ಬಿಗೆ, "ಥೂ, ಯಾರದು ಮೂರನೇ ಮನೆ?" ಎಂದು ತಾವೇ ಕೇಳಿದರು. ಮೂವತ್ತೆಂಟು. ಹೂಕುಂಡದ ವಿಷಯಕ್ಕೆ, "ಅದಕ್ಕೇನಾ ಜಲಜಾಕ್ಷಮ್ಮ ದಿನಾ ಗೇಟಿಗೆ ನೀರು ಹಾಕೋದು!" ಅಂದರು. ಅದು ನನಗೂ ಗೊತ್ತಿರಲಿಲ್ಲ. ಸೊಸೆಯ ಜೊತೆ ಅತ್ತೆಯೂ ಸೇರಿಕೊಂಡು ಗಂಡಸರಿಂದ ಮುಚ್ಚಿಟ್ಟಿದ್ದಾರೆ! ಅದಕ್ಕೆ ಬೇರೆ ಎಂಟು ಕಿಲೋಮೀಟರು ಹೋಯಿತು. ಚಾಪೆ ಸುತ್ತಿದ ಹಾಗೆ ರಸ್ತೆ ಸುತ್ತಿಕೊಂಡು ಬರುತ್ತಿತ್ತು.

ಹೆಡ್‌ಮೇಡಂ ಗಂಟು ಬಿಚ್ಚುವಷ್ಟರಲ್ಲಿ ತವರೂರಿನ ಕಮಾನು ಕಂಡೇಬಿಟ್ಟಿತು. ಡ್ರಾಯಿಂಗ್ ಮೇಷ್ಟ್ರು ಕಪ್ಪು ಹಲಗೆಯ ಮೇಲೆ ಏನು ಬರೆದು ಕೇಳಿದರು ಅನ್ನುವ ಜಾಗದಲ್ಲಿದ್ದೆ. ಇವರು ಕಮಾನಿನ ಈಚೆಗೇ ಗಾಡಿ ನಿಲ್ಲಿಸಿಬಿಟ್ಟರು.

"ಯಾಕ್ರೀ, ಹೊತ್ತಾಗುತ್ತೆ!"

ಇವರು ಕೈಗಡಿಯಾರ ನೋಡಿಕೊಂಡರು. "ಇನ್ನೂ ಹನ್ನೊಂದೂಕಾಲು. ಪೂರ್ತಿ ಹೇಳು, ಆಮೇಲೆ ಒಳಗೆ ಹೋಗೋಣ."

ಪೂರ್ತಿ ಹೇಳಿದೆ. ಮೇಷ್ಟ್ರು ಹಲಗೆಯ ಮೇಲೆ ಎರಡು ಕುರ್ಚಿ, ನಡುವೆ ಒಂದು ಕಾಫಿ ಲೋಟ ಬರೆದು, ಸೀಮೆಸುಣ್ಣ ಮೇಡಂ ಕೈಗೆ ಕೊಟ್ಟು ಹೊರಗೆ ಹೋದರಂತೆ. ವಾಪಸ್ ಬಂದು ನೋಡಿದರೆ ಪಕ್ಕದಲ್ಲಿ ಇನ್ನೊಂದು ಲೋಟ ಬರೆದಿತ್ತಂತೆ. ಇವರು "ಭಲೇ!" ಎಂದು ಸ್ಟೇರಿಂಗ್ ಕುಟ್ಟಿ ಗಾಡಿ ತೆಗೆದರು.

ಕಾರಿನ ಹಿಂದಿನ ಬಾಗಿಲಿನಿಂದ ನಾನು ಇಳಿದದ್ದನ್ನು ನೋಡಿ ಚಪ್ಪರದಲ್ಲಿದ್ದವರೆಲ್ಲ ನಕ್ಕರು. ಜಲಜಾಕ್ಷಮ್ಮ ಮುಂದೆ ಬಂದು, "ಏನೇ ನೀಲಾ, ಹಿಂದೆ ಕೂತು ಬಂದ್ಯಾ? ನಿಮ್ಮನೆಯವರು ಮುಂದೆ ಕೂರಿಸ್ಲಿಲ್ವಾ? ಅಷ್ಟೊಂದು ಜಗಳಾನಾ?" ಎಂದು ಕಣ್ಣರಳಿಸಿದರು. ಗೇಟಿನ ಹೂಕುಂಡಕ್ಕೆ ಈ ವರ್ಷ ಯಾವ ಹೂ ಹಾಕಿದ್ದೀರಿ ಎಂದು ಮಾತ್ರ ಕೇಳಿದೆ. ಅವರ ಮುಖ ಸಣ್ಣದಾಯಿತು, ಆಮೇಲೆ ಊಟದವರೆಗೂ ನನ್ನ ಹತ್ತಿರ ಸುಳಿಯಲಿಲ್ಲ.

ಮೃತ್ಯುಂಜಯ ಬಾಡಿಗೆಯ ತೊಟ್ಟಿಲನ್ನು ಮೂಲೆಗೆ ತಳ್ಳಿದ; ಅದು ಪಾಪ ಅಲ್ಲೇ ಕೆಂಪು ಹಸಿರು ಲೈಟು ಮಿಣುಕಿಸುತ್ತಾ ಕೂತಿತು. ಹಲಸಿನ ತೊಟ್ಟಿಲಿಗೆ ಹೂ ಸುತ್ತಿ ಮಗುವನ್ನು ಮಲಗಿಸಿದರು. ಒಂದು ಹಿಡಿಯಷ್ಟು ಮುಖ, ಕಣ್ಣು ಪಿಳಿಪಿಳಿ. ನಾನು ಬಗ್ಗಿದೆ. ಎಷ್ಟೋ ನಾಮಕರಣ ನೋಡಿದವಳು ನಾನು, ಹೇಳುವವರ ಬಾಯಿ ನೋಡುತ್ತಿದ್ದೆನೇ ಹೊರತು ಕೇಳುವ ಕಿವಿಯನ್ನು ನೋಡಿದ್ದು ಅವತ್ತೇ. ಬಲಗಿವಿಗೆ ಬಾಯಿಟ್ಟು ಮೂರು ಸಲ "ಇಂಚರ" ಅಂದೆ. ಹೆಂಗಸರೆಲ್ಲ ಸೋಬಾನೆ ಶುರು ಮಾಡಿದರು. ಆ ಗದ್ದಲದಲ್ಲಿ ಯಾರಿಗೂ ಕೇಳಿಸದ ಹಾಗೆ ಇನ್ನೊಂದು ಮಾತನ್ನೂ ಸೇರಿಸಿದೆ. "ಯಾರಾದ್ರೂ ನಿನ್ನ ಮಾತಿಗೆ ಬರೀ ಹೂಂ ಅಂತಿದ್ರೆ ಮುನಿಸ್ಕೋಬೇಡ ಕಂದ. ಎದ್ದು ಹೋಗಿ ಆಚೆ ಪಕ್ಕ ಕೂತ್ಕೊ."

ಊಟವಾಗಿ ಎಲೆಅಡಿಕೆ ಹಾಕಿಕೊಂಡು ಹೊರಟಾಗ ತಮ್ಮ, "ಅಕ್ಕಾ, ತೊಟ್ಟಿಲು ಇಲ್ಲೇ ಇರುತ್ತಲ್ಲ, ಈಗ ವಿಮಾನದಲ್ಲಿ ಹೋಗಿ. ಕಾರು ನಾನು ಕಳಿಸ್ತೀನಿ" ಅಂದ. ಅವನು ನಿಂತದ್ದು ಇವರ ಎಡಕ್ಕೆ. ಇವರು "ಹೂಂ" ಅನ್ನುವುದರಲ್ಲಿದ್ದರು, ನಾನು ತೋಳು ಜಗ್ಗಿ ಈ ಕಡೆ ತಿರುಗಿಸಿ ಕಿವಿಗೆ ಹೇಳಿದೆ. "ಬೇಡಪ್ಪಾ ಬೇಡ" ಎಂದು ಇವರು ಎರಡೂ ಕೈ ಆಡಿಸಿ, ನನಗೆ ಕಾರಿನ ಹಿಂದಿನ ಬಾಗಿಲು ತೆಗೆದರು.

ಕಮಾನು ದಾಟಿದ ಮೇಲಿನ ಮೊದಲ ಕಲ್ಲು ನೂರ ನಲವತ್ತು ತೋರಿಸುತ್ತಿತ್ತು. ನನ್ನ ಸೊಂಟದ ನೂಲಿನಲ್ಲಿ ಒಂದು ಗಂಟೂ ಉಳಿದಿರಲಿಲ್ಲ.

"ಮಗು ಕಿವೀಲಿ ಅಷ್ಟು ಹೊತ್ತು ಏನ್ ಹೇಳ್ತಿದ್ದೆ? ಹೆಸರು ಅಷ್ಟುದ್ದ ಇಲ್ವಲ್ಲ" ಎಂದು ಇವರು ಕೇಳಿದರು. ಇವರು ನೋಡಿದ್ದಾರೆ! ನಾನು ಸಂದಿಯಲ್ಲಿ ಮುಖ ತೂರಿಸಿದೆ. ಇವರು ಗಾಡಿಯನ್ನು ಇನ್ನಷ್ಟು ನಿಧಾನ ಮಾಡಿ, ತಲೆಯನ್ನು ಹಿಂದಕ್ಕೆ ವಾಲಿಸಿ ಬಲಗಿವಿ ಕೊಟ್ಟರು.

"ಹೂಂ, ಈಗ ಹೇಳು" ಅಂದರು.